ವೀಸಾ ಬಂತೇ ಎನ್ನುವ ಮೊದಲು ಮನೆ ಸಿಕ್ಕಿತೇ ಎಂದು ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಹಿಡಿಯುತ್ತಿದ್ದಂತೆ ನಮ್ಮ ಜಿಲ್ಲೆಯ ಪುಟಗಳಲ್ಲಿ ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ಹೊರಟ ಹುಡುಗ ಹುಡುಗಿಯರ ಚಿತ್ರಗಳು ಪ್ರಕಟವಾಗತೊಡಗುತ್ತವೆ. ಕಾರವಾರ, ಅಂಕೋಲಾ, ಕುಮಟಾದಂಥ ಕರಾವಳಿಯ ಊರುಗಳಿಂದಲೂ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದಲೂ ಹೀಗೆ ಹೊರಡುವವರು ಈಗ ಅಪರೂಪವಲ್ಲ. 2023ರ ಸೆಪ್ಟೆಂಬರ್‌ನಲ್ಲಿ ನಾನು ಜಲಸಂಪನ್ಮೂಲ ವಿಷಯದ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಜರ್ಮನಿಯ ಡ್ರೆಸ್ಡೆನ್ ನಗರಕ್ಕೆ ಹೊರಟಾಗ ನನ್ನ ಚಿತ್ರವೂ ಹೀಗೆಯೇ ಬಂದಿತ್ತು. ಆ ಪುಟವನ್ನು ಆಯಿ ಇಂದಿಗೂ ದೇವರ ಕೋಣೆಯ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಓದು ಮುಗಿಸಿ ಊರಿಗೆ ಬಂದಿರುವ ಈ ಹೊತ್ತಿನಲ್ಲಿ, ಈ ವರ್ಷ ಹೊರಡುವವರ ಮನೆಯವರು ನನ್ನಲ್ಲಿಗೆ ಬಂದು ಕೇಳುವ ಪ್ರಶ್ನೆಗಳನ್ನು ಕೇಳಿದ ಮೇಲೆ ಈ ಪತ್ರ ಬರೆಯಲೇಬೇಕೆನಿಸಿತು. ಸೀಟು, ಸಾಲ, ವೀಸಾ, ವಿಮಾನದ ಟಿಕೆಟ್ಟು ಇವುಗಳ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಅಲ್ಲಿ ಇಳಿದ ರಾತ್ರಿ ಮಗಳು ಎಲ್ಲಿ ಮಲಗುತ್ತಾಳೆ, ಮರುದಿನದಿಂದ ಯಾವ ವಿಳಾಸದಲ್ಲಿರುತ್ತಾಳೆ ಎಂಬುದನ್ನು ಯಾರೂ ಕೇಳುವುದಿಲ್ಲ. ನನ್ನನ್ನೂ ಅಂದು ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ನಾನು ಬಲ್ಲದ್ದು ಜರ್ಮನಿಯನ್ನು ಮಾತ್ರ, ಹಾಗಾಗಿ ಆ ದೇಶದ ಮಾತನ್ನೇ ಹೇಳುತ್ತೇನೆ. ಅಲ್ಲಿ ಮನೆಯೊಂದಕ್ಕೆ ಬಂದು ಸೇರಿದ ಎರಡು ವಾರಗಳೊಳಗೆ ಪ್ರತಿಯೊಬ್ಬರೂ ಸ್ಥಳೀಯ ಕಚೇರಿಯಲ್ಲಿ ತಮ್ಮ ವಿಳಾಸವನ್ನು ನೋಂದಾಯಿಸಬೇಕು. 'ಆನ್‌ಮೆಲ್ಡುಂಗ್' ಎಂದು ಕರೆಯುವ ಈ ನೋಂದಣಿಗೆ ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣ ಪತ್ರ ಬೇಕೇ ಬೇಕು. 2015ರ ನವೆಂಬರ್‌ನಿಂದ ಇದು ಕಡ್ಡಾಯವಾಗಿದೆ. ನೋಂದಣಿಯಾದ ಮೇಲೆಯೇ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ವಾಸದ ಪರವಾನಗಿಗೆ ಅರ್ಜಿ ಹಾಕಲು ದಾರಿಯಾಗುತ್ತದೆ, ಹಲವು ಬ್ಯಾಂಕುಗಳು ಖಾತೆ ತೆರೆಯಲು ಒಪ್ಪುತ್ತವೆ. ಅಂದರೆ ಮನೆಯೊಂದು ಸಿಗದಿದ್ದರೆ ಮುಂದಿನ ಯಾವ ಕೆಲಸವೂ ಸಾಗುವುದಿಲ್ಲ. ನಾನು ಮೊದಲ ಹನ್ನೊಂದು ದಿನ ಪ್ರವಾಸಿಗರು ತಂಗುವ ಹಾಸ್ಟೆಲೊಂದರಲ್ಲಿ, ಎಂಟು ಮಂದಿಯ ಕೋಣೆಯಲ್ಲಿ, ಪಾಸ್‌ಪೋರ್ಟನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೆ. ಅಂಥ ಕಡೆ ಎಷ್ಟು ದಿನ ದುಡ್ಡು ಕಟ್ಟಿ ಉಳಿದರೂ ನೋಂದಣಿಗೆ ಬೇಕಾದ ಆ ಪತ್ರ ನನಗೆ ಸಿಗಲಿಲ್ಲ. ನಿಜವಾಗಿ ವಾಸವಿಲ್ಲದ ಮನೆಯ ವಿಳಾಸವನ್ನು ದುಡ್ಡಿಗೆ ಕೊಡುತ್ತೇವೆಂದು ಹೇಳುವವರೂ ಅಲ್ಲಿ ಸಿಗುತ್ತಾರೆ. ಅದು ಕೊಟ್ಟವರಿಗೂ ಪಡೆದವರಿಗೂ ದಂಡ ತರುವ ತಪ್ಪೆಂದು ಹೊರಡುವವರು ಮೊದಲೇ ತಿಳಿದಿರಬೇಕು.

ವಿದ್ಯಾರ್ಥಿಗಳಿಗಾಗಿಯೇ ಅಲ್ಲಿ 'ಸ್ಟುಡೀರೆಂಡೆನ್‌ವೆರ್ಕ್' ಎಂಬ ಸಾರ್ವಜನಿಕ ಸೇವಾ ಸಂಸ್ಥೆಗಳಿವೆ. ವಸತಿನಿಲಯ, ಅಗ್ಗದ ಊಟದ ಮನೆ, ಸಂಕಷ್ಟದಲ್ಲಿರುವವರಿಗೆ ಸಲಹೆ ಎಲ್ಲವೂ ಅವುಗಳ ಹೊಣೆ. ಅವುಗಳ ಕೋಣೆಗಳು ಖಾಸಗಿ ಬಾಡಿಗೆಗಿಂತ ಸಾಮಾನ್ಯವಾಗಿ ಅಗ್ಗ, ಪತ್ರ ವ್ಯವಹಾರವೂ ಸರಿಯಾಗಿರುತ್ತದೆ. ಆದರೆ ಕಾಯುವವರ ಸಾಲು ಉದ್ದವಾಗಿರುವುದರಿಂದ ಅರ್ಜಿಯನ್ನು ಬೇಗ ಹಾಕಿದಷ್ಟೂ ಒಳ್ಳೆಯದು. ನನ್ನ ಅರ್ಜಿಯ ಕೆಲಸ ನೋಡಿಕೊಂಡ ಬೆಂಗಳೂರಿನ ಸಲಹಾ ಸಂಸ್ಥೆಯೊಂದು ಸಾವಿರಾರು ರೂಪಾಯಿ ಶುಲ್ಕ ಪಡೆದು, ವೀಸಾ ಬಂದ ದಿನ ಸಿಹಿ ಹಂಚಿ, ಕೋಣೆಯ ವಿಷಯವನ್ನು ಮಾತ್ರ 'ಅಲ್ಲಿ ಹೋದ ಮೇಲೆ ಸಿಗುತ್ತದೆ' ಎಂಬ ಒಂದು ವಾಕ್ಯದಲ್ಲಿ ಮುಗಿಸಿತು. ಪ್ರವೇಶಪತ್ರ ಬಂದ ಜೂನ್ ತಿಂಗಳಲ್ಲೇ ನಾನು ವಸತಿನಿಲಯಕ್ಕೆ ಅರ್ಜಿ ಹಾಕಬಹುದಿತ್ತು. ಹಾಕಿದ್ದು ಆಗಸ್ಟ್ ಕೊನೆಯಲ್ಲಿ. ವಸತಿನಿಲಯದ ಕೋಣೆ ಸಿಕ್ಕಿದ್ದು ಮುಂದಿನ ಏಪ್ರಿಲ್‌ನಲ್ಲಿ.

ಈ ನಡುವೆ ಮೋಸವೂ ಹೋದೆ. ಅದನ್ನು ಇಲ್ಲಿ ಬರೆಯಲು ನಾಚಿಕೆ ಪಡುವುದಿಲ್ಲ, ಏಕೆಂದರೆ ಬರೆಯದಿದ್ದರೆ ಇನ್ನೊಬ್ಬರು ಮೋಸ ಹೋಗುತ್ತಾರೆ. ಊರಿನಿಂದ ಹೊರಡುವ ಮೊದಲೇ ಅಂತರ್ಜಾಲದಲ್ಲಿ ಅಗ್ಗದ ಕೋಣೆಯೊಂದರ ಜಾಹೀರಾತು ಕಂಡಿತು. ಮಾಲೀಕನೆಂದು ಹೇಳಿಕೊಂಡವನು ತಾನು ಕೆಲಸದ ನಿಮಿತ್ತ ಬೇರೆ ದೇಶದಲ್ಲಿರುವುದಾಗಿಯೂ, ಮುಂಗಡ ಕಳುಹಿಸಿದರೆ ಕೀಲಿಕೈಯನ್ನು ಕೊರಿಯರ್‌ನಲ್ಲಿ ತಲುಪಿಸುವುದಾಗಿಯೂ ಬಹಳ ವಿನಯದಿಂದ ಬರೆದಿದ್ದ. ತನ್ನ ಗುರುತಿನ ಚೀಟಿಯ ಪ್ರತಿಯನ್ನೂ ಕಳುಹಿಸಿದ್ದ. ಅದು ಯಾರದೋ ಕದ್ದ ಚೀಟಿಯೆಂದು ಆಮೇಲೆ ತಿಳಿಯಿತು. ಅಪ್ಪಯ್ಯ ಶಿರಸಿಯ ಬ್ಯಾಂಕಿಗೆ ಹೋಗಿ ಕಳುಹಿಸಿದ 600 ಯೂರೋ, ಅಂದರೆ ಸುಮಾರು 54 ಸಾವಿರ ರೂಪಾಯಿ, ಅಂದು ಒಂದು ಕ್ವಿಂಟಲ್ ಚಾಲಿ ಅಡಿಕೆ ಮಾರಿದರೂ ಸಿಗದಷ್ಟು ಹಣ, ಹಾಗೆಯೇ ಹೋಯಿತು. ಕೋಣೆಯನ್ನು ತಾವಾಗಲಿ, ನಂಬಿಕೆಯ ಪರಿಚಿತರಾಗಲಿ ಕಣ್ಣಾರೆ ನೋಡದೆ ಒಂದು ಯೂರೋವನ್ನೂ ಕಳುಹಿಸಬಾರದು ಎಂದು ನನಗೆ ಹೇಳಬಲ್ಲ ಒಬ್ಬ ಹಿರಿಯ ವಿದ್ಯಾರ್ಥಿ ನಮ್ಮ ತಾಲ್ಲೂಕಿನಲ್ಲೇ, ನಮ್ಮ ಮನೆಯಿಂದ ಹನ್ನೆರಡು ಕಿಲೋಮೀಟರ್ ದೂರದ ಊರಿನಲ್ಲಿ ರಜೆಗೆ ಬಂದು ಕುಳಿತಿದ್ದರು. ಅದು ನನಗೆ ಗೊತ್ತಾದದ್ದು ಒಂದು ವರ್ಷದ ಮೇಲೆ, ಡ್ರೆಸ್ಡೆನ್‌ನಲ್ಲಿ. ಕಳೆದುಕೊಂಡ ಹಣಕ್ಕಿಂತ ಈ ಸಂಗತಿಯೇ ನನ್ನನ್ನು ಇಂದಿಗೂ ಹೆಚ್ಚು ಕಾಡುತ್ತದೆ.

ಹಣದ ವಿಚಾರದಲ್ಲಿ ಇನ್ನೊಂದು ಮಾತಿದೆ. ಜರ್ಮನಿಯ ವಿದ್ಯಾರ್ಥಿ ವೀಸಾ ಪಡೆಯಲು ಒಂದು ವರ್ಷದ ಜೀವನ ವೆಚ್ಚವನ್ನು 'ಬ್ಲಾಕ್ಡ್ ಅಕೌಂಟ್' ಎಂಬ ಖಾತೆಯಲ್ಲಿ ಇಡುವುದು ರೂಢಿ. ನಾನು ಹೋದಾಗ ಆ ಮೊತ್ತ 11,208 ಯೂರೋ ಇತ್ತು, 2024ರ ಸೆಪ್ಟೆಂಬರ್‌ನಿಂದ 11,904 ಯೂರೋ ಆಗಿದೆ. ತಿಂಗಳಿಗೆ 992 ಯೂರೋದಂತೆ ಅದು ಕೈಗೆ ಬರುತ್ತದೆ. ನಮ್ಮ ಕಡೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಈ ಮೊತ್ತವನ್ನು ಹೊಂದಿಸುವುದು ಎಂಥ ಕಷ್ಟವೆಂದು ವಿವರಿಸಬೇಕಿಲ್ಲ. ಏಳೂವರೆ ಲಕ್ಷ ರೂಪಾಯಿ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ, ಆದರೆ ಸಾಲ ತೀರದಿದ್ದಾಗ ಅಡಮಾನದ ಆಸ್ತಿಯನ್ನು ನೇರವಾಗಿ ವಶಕ್ಕೆ ಪಡೆಯಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದ ಕಾರಣ ತೋಟವನ್ನು ಅಡಮಾನವಾಗಿ ಒಪ್ಪಿಕೊಳ್ಳಲು ಹಿಂಜರಿಯುತ್ತವೆ. ಇರುವ ಆಸ್ತಿಯೆಲ್ಲ ತೋಟವೇ ಆಗಿರುವವರಿಗೆ ಇದಕ್ಕಿಂತ ದೊಡ್ಡ ತೊಡಕಿಲ್ಲ. ನನ್ನ ಸಾಲಕ್ಕೆ ದೊಡ್ಡಪ್ಪ ಶಿರಸಿ ಪೇಟೆಯ ತಮ್ಮ ನಿವೇಶನದ ಪತ್ರ ಕೊಟ್ಟದ್ದರಿಂದ ಕೆಲಸವಾಯಿತು. ಅಂಥ ದೊಡ್ಡಪ್ಪ ಎಲ್ಲರಿಗೂ ಇರುವುದಿಲ್ಲ.

ಇಷ್ಟು ಕಷ್ಟಪಟ್ಟು ಇಟ್ಟ ಹಣ ಅಲ್ಲಿ ಇಳಿದ ಕೂಡಲೇ ಕೈಗೆ ಬರುವುದಿಲ್ಲ ಎಂಬುದನ್ನು ಹೆತ್ತವರು ಮುಖ್ಯವಾಗಿ ಅರಿಯಬೇಕು. ಆ ಹಣ ಬಂದು ಬೀಳಲು ಅಲ್ಲಿಯ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ಬೇಕು. ಆ ಖಾತೆಗೆ ಬಹಳ ಕಡೆ ವಿಳಾಸದ ನೋಂದಣಿ ಬೇಕು. ನೋಂದಣಿಗೆ ಮನೆ ಬೇಕು. ಮನೆ ಹಿಡಿಯಲು ಮುಂಗಡ ಬೇಕು. ಮುಂಗಡವು ಮೂರು ತಿಂಗಳ ಮೂಲ ಬಾಡಿಗೆಯವರೆಗೂ ಇರಬಹುದು. ಅದನ್ನು ಮೂರು ಸಮ ಕಂತುಗಳಲ್ಲಿ ಕಟ್ಟುವ ಹಕ್ಕನ್ನು ಅಲ್ಲಿಯ ಕಾನೂನು ಬಾಡಿಗೆದಾರರಿಗೆ ಕೊಟ್ಟಿದೆಯೆಂಬುದು ನನಗೆ ತಿಳಿದದ್ದು ಪೂರ್ತಿ ಕಟ್ಟಿದ ಮೇಲೆ. ಲಕ್ಷಗಟ್ಟಲೆ ಹಣ ನನ್ನ ಹೆಸರಿನಲ್ಲೇ ಇದ್ದೂ ಮೂರನೆಯ ವಾರ ನಾನು ಬ್ರೆಡ್ಡು, ಮೊಸರು, ಆಲೂಗಡ್ಡೆಯಲ್ಲಿ ದಿನ ಕಳೆದೆ. ಹೊರಡುವವರು ಬ್ಲಾಕ್ಡ್ ಅಕೌಂಟಿನ ಹಣವಲ್ಲದೆ, ಕನಿಷ್ಠ ಎರಡು ತಿಂಗಳ ಬಾಡಿಗೆ, ಮುಂಗಡ ಮತ್ತು ಊಟಕ್ಕಾಗುವಷ್ಟನ್ನು ವಿದೇಶಿ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳಲೇಬೇಕು. ಸಾಲದ ಅರ್ಜಿ ಬರೆಯುವಾಗಲೇ ಆ ಮೊತ್ತವನ್ನು ಲೆಕ್ಕಕ್ಕೆ ಸೇರಿಸಬೇಕು. ತಿಂಗಳಿಗೆ ನೂರು ಯೂರೋಗೂ ಮಿಕ್ಕಿದ ಆರೋಗ್ಯ ವಿಮೆ ಕಡ್ಡಾಯವೆಂಬುದನ್ನೂ ಆ ಲೆಕ್ಕದಲ್ಲಿ ಮರೆಯುವಂತಿಲ್ಲ.

ಅಂತೂ ಧಾರವಾಡ ಕಡೆಯ ಹಿರಿಯ ವಿದ್ಯಾರ್ಥಿನಿಯೊಬ್ಬರು ತಾವಿದ್ದ ಹಂಚಿಕೆಯ ಮನೆಯಲ್ಲಿ ಖಾಲಿಯಾದ ಕೋಣೆಯನ್ನು, ಮಾಲೀಕರ ಒಪ್ಪಿಗೆ ಪಡೆದು, ನನಗೆ ಕೊಡಿಸಿದರು. ನೋಂದಣಿಯೂ ಆಯಿತು. ಆದರೆ ತೆರಿಗೆ ಸಂಖ್ಯೆಯ ಕಾಗದ ಬರಲೇ ಇಲ್ಲ. ಬ್ಯಾಂಕಿನ ಕಾರ್ಡೂ ಬರಲಿಲ್ಲ. ಕಾರಣ ತಿಳಿಯಲು ಮೂರು ವಾರ ಬೇಕಾಯಿತು. ಅಲ್ಲಿಯ ವಸತಿ ಕಟ್ಟಡಗಳ ವಿಳಾಸದಲ್ಲಿ ಸಾಮಾನ್ಯವಾಗಿ ಮನೆಯ ಸಂಖ್ಯೆ ಇರುವುದಿಲ್ಲ, ಬೀದಿ ಮತ್ತು ಕಟ್ಟಡದ ಸಂಖ್ಯೆ ಮಾತ್ರ ಇರುತ್ತದೆ. ಕೆಳಗಿನ ಅಂಚೆಪೆಟ್ಟಿಗೆಗಳ ಮೇಲೆ ಬರೆದ ಹೆಸರನ್ನು ನೋಡಿಯೇ ಅಂಚೆಯವರು ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನಮ್ಮೂರಿನಲ್ಲಿ ಹೆಸರಿನ ಮುಂದೆ ಊರಿನ ಹೆಸರು, ತಾಲ್ಲೂಕು ಶಿರಸಿ ಎಂದಿಷ್ಟು ಬರೆದರೆ ಸಾಕು. ತೋಟದ ದಾರಿಯಲ್ಲಿ ಎರಡು ಸಂಕ ದಾಟಿ, ಮಳೆಯಲ್ಲಿ ಕೊಡೆ ಹಿಡಿದು, ಅಂಚೆಯಣ್ಣ ಅಂಗಳಕ್ಕೇ ಬಂದು 'ಕಾಗದ ಬಂದಿದೆ' ಎಂದು ಕೂಗುತ್ತಾರೆ. ಅವರಿಗೆ ನನ್ನ ಹೆಸರನ್ನು ಎಲ್ಲಿಯೂ ಬರೆದು ತೋರಿಸಬೇಕಾಗಿರಲಿಲ್ಲ. ಡ್ರೆಸ್ಡೆನ್‌ನ ಆ ಅಂಚೆಪೆಟ್ಟಿಗೆಯ ಮೇಲೆ ಬಿಳಿ ಕಾಗದದ ತುಂಡಿನಲ್ಲಿ ನನ್ನ ಹೆಸರು ಬರೆದು ಅಂಟಿಸಿದ ದಿನವೇ ನಾನು ಆ ದೇಶಕ್ಕೆ ನಿಜವಾಗಿ ಹೋಗಿ ತಲುಪಿದ್ದು ಎಂದು ಈಗಲೂ ಅನಿಸುತ್ತದೆ.

ಹೆಸರಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು, ಕುಲನಾಮದ ಜಾಗ ಖಾಲಿ ಹೀಗೆ ಒಬ್ಬರಿಗೇ ಮೂರು ಬಗೆಯ ಹೆಸರುಗಳಿದ್ದರೆ ಅಲ್ಲಿಯ ಪ್ರತಿಯೊಂದು ಕಚೇರಿಯಲ್ಲೂ ವಿವರಣೆ ಕೊಡಬೇಕಾಗುತ್ತದೆ. ಪದವಿಯ ಮೊದಲ ವರ್ಷದಲ್ಲೇ ಇದನ್ನು ಸರಿಪಡಿಸಿಕೊಳ್ಳುವುದು ಸುಲಭ, ಕೊನೆಯ ತಿಂಗಳಲ್ಲಿ ಬಹಳ ಕಷ್ಟ.

ಭಾಷೆಯ ಬಗ್ಗೆ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಪಾಠ ಇಂಗ್ಲಿಷಿನಲ್ಲಿ ನಡೆಯುವುದರಿಂದ ಜರ್ಮನ್ ಕಲಿಯುವ ಅಗತ್ಯವಿಲ್ಲವೆಂದು ನಾನೂ ನಂಬಿದ್ದೆ. ತರಗತಿಯ ಬಾಗಿಲು ದಾಟಿದ ಮೇಲೆ ಇಂಗ್ಲಿಷಿನ ಆಸರೆ ಅಲ್ಲಲ್ಲಿ ಮಾತ್ರ. ಬಾಡಿಗೆ ಕರಾರು, ವಿಮೆಯ ಕಾಗದ, ಕಸವನ್ನು ಯಾವ ದಿನ ಯಾವ ಡಬ್ಬಿಗೆ ಹಾಕಬೇಕೆಂಬ ಸೂಚನೆ ಎಲ್ಲವೂ ಜರ್ಮನ್‌ನಲ್ಲಿರುತ್ತವೆ. ಪ್ರತಿ ಮನೆಯೂ ಕೊಡಬೇಕಾದ 18.36 ಯೂರೋದ ಮಾಸಿಕ ಪ್ರಸಾರ ಶುಲ್ಕದ ಕಾಗದ ಬಂದಾಗ ನಾವು ಅದನ್ನು ಜಾಹೀರಾತೆಂದು ತಿಳಿದು ಬದಿಗಿಟ್ಟೆವು. ಬಾಕಿ ಬೆಳೆದ ಮೇಲೆ ಎಚ್ಚರದ ಕಾಗದ ಬಂತು. ಹೊರಡುವ ಮೊದಲಿನ ಆರು ತಿಂಗಳು ದಿನಕ್ಕೊಂದು ಗಂಟೆ ಭಾಷೆಗೆ ಕೊಟ್ಟರೂ ಅಲ್ಲಿಯ ಅರ್ಧ ಅಂಜಿಕೆ ಕಡಿಮೆಯಾಗುತ್ತದೆ. ವಿದ್ಯಾರ್ಥಿಗಳಿಗೆ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆಯಾದರೂ, ಭಾಷೆ ಬಾರದವರಿಗೆ ಸಿಗುವುದು ಹೆಚ್ಚಾಗಿ ಗೋದಾಮಿನ ಕೆಲಸ, ಪಾತ್ರೆ ತೊಳೆಯುವ ಕೆಲಸ. ದುಡಿಮೆ ಯಾವುದೂ ಕೀಳಲ್ಲ, ಆದರೆ ರಾತ್ರಿಪಾಳಿ ಮುಗಿಸಿ ಬೆಳಗಿನ ತರಗತಿಯಲ್ಲಿ ಕುಳಿತವರ ಮುಖಗಳನ್ನು ನಾನು ಕಂಡಿದ್ದೇನೆ.

ಪರೀಕ್ಷೆಯ ಕ್ರಮವೂ ಬೇರೆ. ಅಲ್ಲಿ 1.0 ಅತ್ಯುತ್ತಮ, 4.0 ತೇರ್ಗಡೆಯ ಕೊನೆಯ ಗೆರೆ, 5.0 ಎಂದರೆ ಅನುತ್ತೀರ್ಣ. ಹಲವು ತರಗತಿಗಳಲ್ಲಿ ಹಾಜರಿ ಕೇಳುವುದಿಲ್ಲ, ಆದರೆ ಪರೀಕ್ಷೆಗೆ ನಿಗದಿತ ಅವಧಿಯಲ್ಲಿ ತಾವೇ ಹೆಸರು ನೋಂದಾಯಿಸಬೇಕು. ಹೆಚ್ಚಿನ ಕಡೆ ಒಂದು ವಿಷಯಕ್ಕೆ ಮೂರು ಅವಕಾಶ ಮಾತ್ರ. ಮೂರನೆಯದರಲ್ಲೂ ಸೋತರೆ ಆ ಕೋರ್ಸಿನಿಂದಲೇ ಹೊರಬೀಳಬೇಕಾಗುತ್ತದೆ, ವಾಸದ ಪರವಾನಗಿಗೂ ಕುತ್ತು ಬರುತ್ತದೆ. 'ಬ್ಯಾಕ್ ಉಳಿದರೆ ಮುಂದಿನ ಬಾರಿ ಕಟ್ಟಿದರಾಯಿತು' ಎಂಬ ನಮ್ಮ ರೂಢಿಯ ಮಾತು ಅಲ್ಲಿ ನಡೆಯುವುದಿಲ್ಲ.

ಸಾಮಾನು ಕಟ್ಟುವ ತಾಯಂದಿರಿಗೆ ಒಂದು ಮಾತು. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನಾಗಲಿ ಮಾಂಸವನ್ನಾಗಲಿ ತರುವಂತಿಲ್ಲ. ಆದ್ದರಿಂದ ಮನೆಯ ತುಪ್ಪ ಮನೆಯಲ್ಲೇ ಇರಲಿ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ. ಮೀನಿಗೆ ಮಾತ್ರ 20 ಕಿಲೋವರೆಗೆ ಅವಕಾಶವಿರುವುದರಿಂದ ಅಂಕೋಲಾ, ಕಾರವಾರದ ಮನೆಗಳ ಒಣಮೀನಿಗೆ ಅಡ್ಡಿಯಿಲ್ಲ. ಆಯಿ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಣಗಿಸಿದ ಮುರುಗಲ ಸಿಪ್ಪೆ ನನ್ನನ್ನು ಆ ಮೊದಲ ಚಳಿಗಾಲ ದಾಟಿಸಿದವು.

ಆ ಚಳಿಗಾಲದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಸಂಜೆ ಆರಕ್ಕೆ ಅಪ್ಪಯ್ಯ ಸೊಪ್ಪಿನ ಬೆಟ್ಟದ ಏರಿನಲ್ಲಿರುವ ಬಂಡೆಯ ಹತ್ತಿರ ಹೋಗಿ ನಿಂತರೆ ನಾನು ಅಲ್ಲಿಯ ಎರಡೂವರೆಗೆ ಕರೆ ಮಾಡುತ್ತಿದ್ದೆ. ಯುರೋಪಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2023ರ ಅಕ್ಟೋಬರ್ 29ರಂದು ನಾನು ಎಂದಿನಂತೆ ಎರಡೂವರೆಗೆ ಕರೆ ಮಾಡಿದಾಗ ಇಲ್ಲಿ ಏಳು ಗಂಟೆಯಾಗಿತ್ತು. ಅಪ್ಪಯ್ಯ ಕತ್ತಲಲ್ಲಿ, ಟಾರ್ಚ್ ಹಿಡಿದು, ಒಂದು ಗಂಟೆ ಕಾದು ನಿಂತಿದ್ದರು. ಏನೂ ಬಯ್ಯಲಿಲ್ಲ. 'ಆರಾಮಿದ್ದೀಯಲ್ಲ ತಂಗಿ' ಎಂದಷ್ಟೇ ಕೇಳಿದರು. 'ಆರಾಮಿದ್ದೇನೆ ಅಪ್ಪಯ್ಯ' ಎಂದೆ. ಅಂದು ನಾನು ಆರಾಮಿರಲಿಲ್ಲ. ಆಮೇಲೆ ಡಿಸೆಂಬರ್ ಬಂದು ಬೆಳಗಿನ ಎಂಟಕ್ಕೆ ಬೆಳಕಾಗಿ ಸಂಜೆ ನಾಲ್ಕಕ್ಕೆ ಕತ್ತಲಾಗತೊಡಗಿದಾಗ ಇನ್ನಷ್ಟು ಕುಗ್ಗಿದೆ. ಶಿರಸಿಯ ಆಷಾಢದಲ್ಲೂ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ, ಆದರೆ ಇಲ್ಲಿ ಬಚ್ಚಲ ಒಲೆಯ ಬೆಂಕಿಯ ಮುಂದೆ ಯಾರಾದರೂ ಒಬ್ಬರು ಕುಳಿತಿರುತ್ತಾರೆ. ಅಲ್ಲಿ ನಾಲ್ಕು ಗಂಟೆಯ ಕತ್ತಲಲ್ಲಿ ಕೋಣೆಗೆ ಬಂದು ದೀಪ ಹಾಕಿದರೆ ಮಾತನಾಡಿಸಲು ಯಾರೂ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಇಂಥವರಿಗಾಗಿ ಶುಲ್ಕವಿಲ್ಲದ ಆಪ್ತಸಲಹೆ ಇದೆಯೆಂದು ಜನವರಿಯಲ್ಲಿ ತಿಳಿಯಿತು. ಹೋದೆ, ಉಪಯೋಗವಾಯಿತು.

ನಮ್ಮ ಮಕ್ಕಳು ದೂರವಾಣಿಯಲ್ಲಿ ಆರಾಮಿದ್ದೇನೆಂದು ಹೇಳುವುದು ಸುಳ್ಳು ಹೇಳಬೇಕೆಂದಲ್ಲ. ಸಾಲ ಮಾಡಿ ಕಳುಹಿಸಿದ್ದಾರೆ, ಈ ವರ್ಷ ಕೊಳೆರೋಗಕ್ಕೆ ಎಷ್ಟು ಕಾಯಿ ಉದುರಿತೋ, ಎಲೆಚುಕ್ಕಿ ಯಾವ ತೋಟಕ್ಕೆ ಹಬ್ಬಿತೋ, ಅದರ ಮೇಲೆ ತನ್ನ ಅಳುವೂ ಬೇಡ ಎಂದು ಅವರು ನುಂಗಿಕೊಳ್ಳುತ್ತಾರೆ. ಆದ್ದರಿಂದ ಹೆತ್ತವರು 'ಆರಾಮಿದ್ದೀಯಾ' ಎಂದು ಕೇಳುವ ಬದಲು ಇಂದು ಏನು ಊಟ ಮಾಡಿದೆ, ಯಾರ ಜೊತೆ ಮಾತನಾಡಿದೆ, ಯಾವ ಕಾಗದ ಬಂತು, ಬಾಡಿಗೆ ಕಟ್ಟಿಯಾಯಿತೇ ಎಂದು ಕೇಳಲಿ. ಅಂಥ ಪ್ರಶ್ನೆಗಳಿಗೆ ಒಂದೇ ಪದದಲ್ಲಿ ಉತ್ತರಿಸಿ ತಪ್ಪಿಸಿಕೊಳ್ಳಲಾಗುವುದಿಲ್ಲ.

ನನ್ನ ಬೇಡಿಕೆಗಳು ದೊಡ್ಡವಲ್ಲ. ನಮ್ಮ ಜಿಲ್ಲೆಯ ಪದವಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ತಮ್ಮಲ್ಲಿ ಓದಿ ಹೊರದೇಶಕ್ಕೆ ಹೋದವರ ಪಟ್ಟಿಯೊಂದನ್ನು, ಅವರ ಒಪ್ಪಿಗೆ ಪಡೆದು, ಊರು ಮತ್ತು ದೇಶದ ವಿವರದೊಂದಿಗೆ ಇಟ್ಟುಕೊಳ್ಳಲಿ. ಪ್ರತಿ ವರ್ಷ ಜೂನ್‌ನಲ್ಲಿ, ರಜೆಗೆ ಬಂದವರನ್ನು ಕರೆದು, ಹೊರಡುವವರನ್ನೂ ಅವರ ತಂದೆತಾಯಿಯರನ್ನೂ ಎದುರು ಕೂರಿಸಿ ಅರ್ಧ ದಿನ ಮಾತುಕತೆ ನಡೆಸಲಿ. ಇದಕ್ಕೆ ಖರ್ಚು ಬಹಳವಿಲ್ಲ. ನಮಗಿಂತ ಮೊದಲು ಹೋದವರು ಹನ್ನೆರಡು ಕಿಲೋಮೀಟರ್ ದೂರದಲ್ಲೇ ಇರುತ್ತಾರೆ. ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ವಿದೇಶದಲ್ಲಿರುವ ಭಾರತೀಯ ವಿದ್ಯಾರ್ಥಿಗಳು ಹೆಸರು ನೋಂದಾಯಿಸಿಕೊಳ್ಳಬಹುದು, ತೊಂದರೆಯಾದಾಗ ಅಲ್ಲಿಯ ಭಾರತೀಯ ದೂತಾವಾಸವನ್ನು ಅದರ ಮೂಲಕ ತಲುಪಬಹುದು. ಹೊರಡುವ ದಿನವೇ ನೋಂದಣಿ ಮಾಡಿಸುವ ಕೆಲಸವನ್ನು ಕಾಲೇಜುಗಳು ತಮ್ಮ ಹೊಣೆಯೆಂದು ತಿಳಿದುಕೊಳ್ಳಲಿ. ಕೃಷಿ ಕುಟುಂಬಗಳ ಶಿಕ್ಷಣ ಸಾಲದ ಅಡಮಾನದ ತೊಡಕನ್ನು ನಮ್ಮ ಜನಪ್ರತಿನಿಧಿಗಳು ಬ್ಯಾಂಕುಗಳ ಜಿಲ್ಲಾ ಮಟ್ಟದ ಸಭೆಗಳಲ್ಲಿ ಎತ್ತಬೇಕು.

ತಮ್ಮ ಪತ್ರಿಕೆಯಲ್ಲಿಯೂ ಒಂದು ವಿನಂತಿ. ಹೊರಡುವವರ ಚಿತ್ರಗಳನ್ನು ದಯವಿಟ್ಟು ಪ್ರಕಟಿಸುತ್ತಿರಿ, ಅದರ ಸಂತೋಷ ಎಷ್ಟೆಂದು ನಮ್ಮ ಮನೆಯವರಿಗೆ ಗೊತ್ತಿದೆ. ಅದರ ಜೊತೆಗೆ ಜುಲೈನಿಂದ ಸೆಪ್ಟೆಂಬರ್‌ವರೆಗೆ, ವಾರಕ್ಕೊಮ್ಮೆಯಾದರೂ, ಹೋಗಿ ನೆಲೆಸಿದವರು ತಮ್ಮ ಮೊದಲ ತಿಂಗಳುಗಳ ಬಗ್ಗೆ ಬರೆಯಲು ಸ್ವಲ್ಪ ಜಾಗ ಕೊಡಿ. ಜರ್ಮನಿಗೆ ಹೊರಡುವವರು ಪತ್ರಿಕೆಗೆ ಕಳುಹಿಸುವ ಪ್ರಶ್ನೆಗಳಿಗೆ ತಿಳಿದಷ್ಟು ಉತ್ತರ ಬರೆದುಕೊಡಲು ನಾನು ಸಿದ್ಧಳಿದ್ದೇನೆ. ಅಕ್ಟೋಬರ್‌ನಲ್ಲಿ ತರಗತಿ ಸೇರುವವರು ವಸತಿನಿಲಯದ ಅರ್ಜಿಯನ್ನು ಇನ್ನೂ ಹಾಕಿಲ್ಲವಾದರೆ, ಈ ಪತ್ರ ಓದಿದ ದಿನವೇ ಹಾಕಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗರಲ್ಲೊಬ್ಬಳು
ಶಿರಸಿ ತಾಲ್ಲೂಕು, ಉತ್ತರ ಕನ್ನಡ